ಹೊಟ್ಟೆ ತುಂಬಿದ ಕೊಕ್ಕರೆಗಳು

ಅಥವಾ ಇರುವೆಗಳು ಕೊಕ್ಕರೆಯ ಹೊಟ್ಟೆಯೊಳಗೆ ಹೋಗುತ್ತಲೇ ಇರಲಿಲ್ಲವೇನೋ. ನಾನು ನೋಡಿದ್ದು ಸಾಲು ಮಾತ್ರ. ಅದು ಕಿಟಕಿಯಿಂದ ಇಳಿದು, ಮೇಜಿನ ಅಂಚು ಹಿಡಿದು, ಕಾಗದದ ಕೊಕ್ಕರೆಯ ಕೆಳಗೆ ಮಾಯವಾಗಿ, ಆ ಕಡೆಯಿಂದ ಮತ್ತೆ ಹೊರಟಿತ್ತು. ಆ ಕಡೆ ಹಿಂದಿನ ದಿನ ನಾನು ತಿಂದ ಶೇಂಗಾ ಹೋಳಿಗೆಯ ಪುಡಿ ಬಿದ್ದಿತ್ತು. ಅದು ಕಣ್ಣಿಗೆ ಬೀಳುವಷ್ಟರಲ್ಲಿ ನಾನು ಗಾಬರಿಯಿಂದ ಕೊಕ್ಕರೆಯನ್ನು ಎತ್ತಿ, ಉಫ್ ಎಂದು ಊದಿ, ಇಡೀ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟಿದ್ದೆ. ಸಾಕ್ಷಿಯನ್ನೆಲ್ಲ ಒರೆಸಿ ಹಾಕಿದ ಮೇಲೆ ಯೋಚನೆಗೆ ಕೂರುವುದು ನನ್ನ ಹಳೆಯ ಚಾಳಿ.

ಇರುವೆ ಎಲ್ಲಿಗೆ ಹೋದರೆ ನಿನಗೇನು ಎಂದು ನೀವು ಕೇಳಬಹುದು. ಹೇಳುತ್ತೇನೆ. ಇರುವೆ ಹೊಟ್ಟೆಯೊಳಗೆ ಹೋಗಿದ್ದರೆ ಅಲ್ಲಿ ಬೆಲ್ಲವಿತ್ತು. ಬೆಲ್ಲವಿದ್ದರೆ ಆ ಕೊಕ್ಕರೆಯನ್ನು ಮಡಚಿದವಳು ನನ್ನ ಚಿಕ್ಕವ್ವ. ಚಿಕ್ಕವ್ವನೇ ಮಡಚಿದ್ದರೆ, ಲಕ್ವಾ ಹೊಡೆದು ತೊಡೆಯ ಮೇಲೆ ಬಿದ್ದುಕೊಂಡಿದ್ದ ಅವಳ ಬಲಗೈ ಆ ಬೇಸಿಗೆಯಲ್ಲಿ ಒಮ್ಮೆಯಾದರೂ ಎದ್ದಿತ್ತು. ಇಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣ ಜೀವಗಳ ಬೆನ್ನ ಮೇಲೆ ಹೇರಬಾರದು, ಒಪ್ಪುತ್ತೇನೆ. ಆದರೆ ಮನುಷ್ಯರನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ನನ್ನನ್ನೂ ಪೂರ್ತಿ ನಂಬಬೇಡಿ. ಜೇವರ್ಗಿಯಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದಲ್ಲಿ ಈ ಕಥೆ ಹೇಳಿದಾಗ ಕೊಕ್ಕರೆ ಗುಲಾಬಿ ಬಣ್ಣದ್ದಾಗಿತ್ತು. ತಂಗಿಗೆ ಫೋನಿನಲ್ಲಿ ಹೇಳುವಾಗ ನೀಲಿಯಾಯಿತು. ಈಗ ಎದುರಿಗೇ ಇಟ್ಟುಕೊಂಡು ನೋಡಿದರೆ ಅದಕ್ಕೆ ಬಣ್ಣವೇ ಇಲ್ಲ, ಕಿಟಕಿಯ ಬಿಸಿಲು ತಿಂದುಬಿಟ್ಟಿದೆ. ಒಂದು ರೆಕ್ಕೆ ಮೇಲೆ, ಇನ್ನೊಂದು ಜೋತುಬಿದ್ದಿದೆ. ಹಿಂದಿನಿಂದ ಯಾರೋ ಕೂಗಿದರು ಎಂಬಂತೆ ಕತ್ತು ಪಕ್ಕಕ್ಕೆ ತಿರುಗಿದೆ. ಇಷ್ಟು ಮಾತ್ರ ಖಾತ್ರಿ.

ಚಿಕ್ಕವ್ವ ಎಂದರೆ ಅವ್ವನ ತಂಗಿ, ಶಾಂತಾಬಾಯಿ. ಅಫಜಲಪುರದಲ್ಲಿ ಬುದ್ಧ ವಿಹಾರದ ಓಣಿಯಲ್ಲಿ ಅವಳ ಮನೆ. ನಾವು ಜಿಡಗಾದಲ್ಲಿ ಸಣ್ಣವರಿದ್ದಾಗ ಅವಳು ಬೇಸಿಗೆಗೆ ಬರುವುದೇ ಕೌದಿ ಹೊಲಿಯಲು. ಹಳೆಯ ಸೀರೆ, ಧೋತರ, ಹರಿದ ಅಂಗಿಗಳನ್ನು ಪದರ ಪದರವಾಗಿ ಹಾಸಿ, ಓಣಿಯ ಹೆಂಗಸರನ್ನು ಸುತ್ತ ಕೂರಿಸಿ, ನಾಲ್ಕು ಕಡೆಯಿಂದ ಹೊಲಿಗೆ ಎಬ್ಬಿಸುತ್ತಿದ್ದಳು. ಕೌದಿ ಎಲ್ಲರದು, ಆದರೆ ಅದರ ಬಾಯಿ ಒಬ್ಬಳದು. ಶುರು ಮಾಡಿದವಳೇ ಕೊನೆಯ ಗೇಣು ಹೊಲಿದು ಬಾಯಿ ಮುಚ್ಚಬೇಕು. ಮುಚ್ಚುವ ಮೊದಲು ಅದಕ್ಕೆ ಉಣಿಸಬೇಕು. ಕೆಲವರು ಒಂದು ಹಿಡಿ ಜೋಳ ಹಾಕುತ್ತಾರೆ. ಚಿಕ್ಕವ್ವ ಚೂರು ರೊಟ್ಟಿ, ಚೂರು ಬೆಲ್ಲ ಹಾಕುತ್ತಿದ್ದಳು. ಯಾಕೆ ಎಂದರೆ, “ಹಸದ್ ಕೌದಿ ಹೊಚ್ಚಗೊಂಡವ್ರ ನಿದ್ದಿ ತಿಂತದ ಬೇ” ಎನ್ನುತ್ತಿದ್ದಳು.

ಆ ಬೆಲ್ಲ ಯಾವ ಮೂಲೆಯಲ್ಲಿದೆ ಎಂದು ಹುಡುಕುವುದೇ ನನಗೂ ತಂಗಿಗೂ ಮಲಗುವಾಗಿನ ಜಗಳ. ನಾನೊಮ್ಮೆ ಒಂದು ಮೂಲೆಯನ್ನು ಬಾಯಿಗೆ ಹಾಕಿಕೊಂಡು ಚೀಪಿದ್ದೆ. ಸಿಹಿಯಾಗಿತ್ತು. ಇದು ನನಗೆ ಚೆನ್ನಾಗಿ ನೆನಪಿದೆ. ಆದರೆ ಆ ಕೌದಿ ನಾನು ಹುಟ್ಟುವ ಮೊದಲಿನದು, ಎಷ್ಟೋ ಸಲ ಹಳ್ಳದಲ್ಲಿ ಒಗೆದದ್ದು. ಅದು ಸಿಹಿಯಾಗಿರಲು ಸಾಧ್ಯವೇ ಇಲ್ಲ. ಆದರೂ ಈ ಸಾಲು ಬರೆಯುವಾಗ ನಾಲಿಗೆಯ ತುದಿಗೆ ಸಿಹಿ ಬರುತ್ತಿದೆ. ಇಂಥ ನಾಲಿಗೆ ಇಟ್ಟುಕೊಂಡು ನಾನು ನಿಮಗೆ ಏನನ್ನು ಖಚಿತವಾಗಿ ಹೇಳಲಿ?

ಚಿಕ್ಕವ್ವನಿಗೆ ಲಕ್ವಾ ಹೊಡೆದಾಗ ಒಂದು ಕೌದಿ ಅರ್ಧಕ್ಕೆ ನಿಂತಿತ್ತು. ಅದು ನನಗಾಗಿ ಎಂದು ನನಗೆ ಹೇಳಿದ್ದಳು. ಅಲ್ಲ, ತನಗಾಗಿ ಎಂದಿದ್ದಳು ಎಂದು ತಂಗಿ ಹೇಳುತ್ತಾಳೆ. ಮಾತು ಬೇಗ ಮರಳಿತು, ಕಾಲೂ ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ಬರಲಿಲ್ಲ. ಯಾರೋ ಸ್ವಲ್ಪ ಹೊತ್ತು ನೋಡಿಕೋ ಎಂದು ಬಿಟ್ಟುಹೋದ ಕೂಸಿನಂತೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಕೌದಿಯನ್ನು ಮಡಚಿ, ನಿಂತ ಜಾಗದಲ್ಲೇ ಸೂಜಿ ಚುಚ್ಚಿ, ಪೆಟ್ಟಿಗೆಯ ಮೇಲೆ ಇಡಿಸಿದಳು. ನಾವು ಮುಗಿಸುತ್ತೇವೆ ಎಂದರೆ ಕೇಳಲಿಲ್ಲ.

“ನನ್ನ ಕೈ ಬಂದ್ರ ನಾನೇ ಬಾಯಿ ಮುಚ್ತೇನಿ. ಬರ್ಲಿಲ್ಲಂದ್ರ ಹಂಗೇ ಇರ್ಲಿ. ನಾ ಹೋಗ್ವಾಗ ಬಾಯಿ ತೆರದದ್ದನ್ನೇ ನನ್ನ ಮ್ಯಾಲ ಹೊಚ್ಚಿ ಕಳಸ್ರಿ.”

ನಗುತ್ತಲೇ ಹೇಳಿದಳು. ನಾವೂ ನಕ್ಕೆವು. ಆಮೇಲೆ ಆ ಪೆಟ್ಟಿಗೆಯ ಕಡೆ ನೋಡುವುದನ್ನು ಬಿಟ್ಟೆವು.

ಕೊಕ್ಕರೆಗಳನ್ನು ತಂದವಳು ಸವಿತಾ. ಚಿಕ್ಕವ್ವನ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇರುವ ಡ್ರಾಯಿಂಗ್ ಟೀಚರ್, ಆಳಂದ ಕಡೆಯವಳು. ಚಿಕ್ಕವ್ವನನ್ನು ‘ಆಯಿ’ ಎಂದು ಕರೆಯುತ್ತಾಳೆ. ಪ್ರತಿವರ್ಷ ಬುದ್ಧ ಪೂರ್ಣಿಮೆಗೆ ವಿಹಾರದ ಸಭಾಭವನಕ್ಕೆ ಬಲೂನು, ಮಿಂಚಿನ ಕಾಗದ ಕಟ್ಟುವುದು ವಾಡಿಕೆ. ಆ ವರ್ಷ ಸವಿತಾ, ಕಾಗದದ ಕೊಕ್ಕರೆ ಮಡಚಿ ದಾರದಲ್ಲಿ ಇಳಿಬಿಡೋಣ, ಭಾನುವಾರ ಭಾನುವಾರ ಎಲ್ಲರೂ ಕೂಡಿ ಮಾಡೋಣ ಎಂದಳು. ಬುದ್ಧನನ್ನು ನಂಬುವ ದೂರದ ದೇಶದಲ್ಲಿ ಹೀಗೆ ಮಾಡುತ್ತಾರೆ ಎಂದು ಓಣಿಗೆಲ್ಲ ಹೇಳಿದಳು. ನನಗೆ ಮಾತ್ರ ಫೋನಿನಲ್ಲಿ ಬೇರೆ ಹೇಳಿದಳು: “ಆಯಿ ಬೆರಳಿಗೆ ಸಣ್ಣ ಕೆಲಸ ಬೇಕ್ರಿ ಅಕ್ಕಾ. ಮಂದಿ ನಡಕ ಕುಂತ್ರ ಕೈ ಸುಮ್ನ ಇರಂಗಿಲ್ಲ. ನೀವೂ ಬರ್ರಿ.”

ಹೋದೆ. ಭಾನುವಾರದ ಬಸ್ಸು, ಬಸ್ಸಿನ ತುಂಬ ಬಿಸಿಲು. ಸಭಾಭವನದಲ್ಲಿ ಚಾಪೆ ಹಾಸಿ ಹೆಂಗಸರು ಗುಂಡಗೆ ಕೂತಿದ್ದರು, ಥೇಟು ಕೌದಿಗೆ ಕೂತಂತೆ. ನಡುವೆ ಬಣ್ಣದ ಕಾಗದದ ಚೌಕಗಳು. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಚಿಕ್ಕವ್ವ.

ಸವಿತಾ ಒಂದು ಮಾದರಿ ಮಾಡಿ ಎತ್ತಿ ತೋರಿಸಿದಳು. ಮೊದಲು ಬಾಯಿ ತೆರೆದವಳು ನೀಲಮ್ಮ. ಆಚೆ ಓಣಿಯ ಲಿಂಗಾಯತರ ಮನೆಯವಳು, ಹಣೆ ತುಂಬ ವಿಭೂತಿ. ಚಿಕ್ಕವ್ವನೊಡನೆ ಕೌದಿ ಹೊಲಿಯುತ್ತ, ಅಷ್ಟೇ ಕಾಲ ಜಗಳವಾಡುತ್ತ ಬಂದವಳು.

“ಇದು ಕೊಕ್ಕರಿ ಏನ್ರಿ ಟೀಚರ್? ನಮ್ಮ ಭೀಮಾ ದಂಡಿ ಮ್ಯಾಲ ನಿಂತದ್ದು ನಾ ನೋಡೇನಿ. ಅದಕ ಕಾಲ ಇರ್ತಾವ್ರಿ.”

“ಹಾರಾಕತ್ತದ್ರಿ ಇದು, ನೀಲಮ್ಮಾರೆ.”

“ಹಾರ್ವಾಗ ಕಾಲ ಮನ್ಯಾಗ ಇಟ್ಟು ಬರ್ತಾವೇನ್ರಿ?”

ಚಿಕ್ಕವ್ವ ಕುರ್ಚಿಯಿಂದಲೇ, “ನೀ ಮೊದಲ ಮಾಡು ಬೇ ನೀಲಿ. ನೀ ಮಾಡಿದ್ದು ಕೋಳಿ ಆದ್ರ ಸಾಕು” ಎಂದಳು.

ನೀಲಮ್ಮ ಹೊಸ್ತಿಲಾಚೆ ಕೂತಿದ್ದಳು ಎಂದು ನನ್ನ ನೆನಪು. ಮೊಣಕಾಲು ನೋವು, ಒಳಗೆ ಬರಲಾಗದು ಎಂದಿದ್ದಳು. ಆಮೇಲೆ ಪ್ರತಿ ಭಾನುವಾರ ಗೇಣು ಗೇಣು ಒಳಗೆ ಸರಿದು, ಕೊನೆಗೆ ಫ್ಯಾನಿನ ಕೆಳಗೆ ಬಂದು ಕೂತಳು. ಸವಿತಾ ಇದನ್ನು ಒಪ್ಪುವುದಿಲ್ಲ. ನೀಲಮ್ಮ ಮೊದಲ ದಿನದಿಂದಲೂ ಫ್ಯಾನಿನ ಕೆಳಗೇ ಇದ್ದಳು, ಬೇರೆಯವರಿಗೆ ಗಾಳಿಯನ್ನೇ ಬಿಟ್ಟಿರಲಿಲ್ಲ ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬರು ಕಥೆ ಕಟ್ಟುತ್ತಿದ್ದೇವೆ. ಹೆಚ್ಚು ಅಂದವಾದ ಕಥೆ ನನ್ನದು, ಅದಕ್ಕೇ ನನಗೆ ನನ್ನ ಮೇಲೆ ಅನುಮಾನ.

ಮಡಚುವುದು ಸುಲಭವಾಗಿರಲಿಲ್ಲ. ಇದು ಬೆಟ್ಟದ ಮಡಿಕೆ, ಇದು ಕಣಿವೆಯ ಮಡಿಕೆ ಎಂದು ಸವಿತಾ ಹೇಳಿಕೊಟ್ಟಳು. ಸುತ್ತ ಕಣ್ಣು ಹಾಯುವಷ್ಟು ದೂರ ತೊಗರಿ ಹೊಲ ಇರುವ ಊರಿನಲ್ಲಿ ಯಾರಿಗೂ ಅದು ತಲೆಗೆ ಹೋಗಲಿಲ್ಲ. ರೊಟ್ಟಿ ತಟ್ಟಿ ಅಭ್ಯಾಸವಾದ ಕೈಗಳು ಕಾಗದವನ್ನೂ ಅಂಗೈಯಿಂದ ಬಡಿಯುತ್ತಿದ್ದವು. ನಾನಂತೂ ಓದಿದವಳು ಎಂಬ ಧೈರ್ಯದಲ್ಲಿ ಮುಂದೆ ಕೂತು, ಮೂರು ಮಡಿಕೆಯಲ್ಲೇ ಕಾಗದ ಹರಿದು, ಹರಿದದ್ದನ್ನು ತೊಡೆಯ ಕೆಳಗೆ ಬಚ್ಚಿಟ್ಟೆ. ಆಗ ಚಿಕ್ಕವ್ವ ಕುರ್ಚಿಯಿಂದ ಹೇಳತೊಡಗಿದಳು: “ಸೀರಿ ನೆರಿಗಿ ಹಿಡದಂಗ ಹಿಡೀರಿ. ಹ್ಞಾ. ಈಗ ಎಲಿ ಮಡಚಿದಂಗ ತುದಿ ಒಳಗ ತಳ್ಳ್ರಿ. ಉಗುರು ಹಚ್ಚಿ ಎಳೀರಿ, ಅಂಜಬ್ಯಾಡ್ರಿ, ಅಳಂಗಿಲ್ಲ ಅದು.” ಕೈಗಳು ಒಮ್ಮೆಗೇ ತಿಳಿದುಕೊಂಡವು. ಸವಿತಾ ಕಲಿಸುವುದು ಬಿಟ್ಟು ಕಾಗದ ಹಂಚುವ ಕೆಲಸಕ್ಕೆ ನಿಂತಳು.

ಆದರೆ ಚಿಕ್ಕವ್ವ ಕಾಗದ ಮುಟ್ಟಲಿಲ್ಲ. ಸವಿತಾ ಪ್ರತಿ ಸಲ ಒಂದು ಚೌಕವನ್ನು ಅವಳ ತೊಡೆಯ ಮೇಲೆ, ಆ ಕೈಯ ಪಕ್ಕದಲ್ಲಿ ಇಡುತ್ತಿದ್ದಳು. ಸಂಜೆ ಚಾಪೆ ಸುತ್ತುವಾಗ ಅದು ಅಲ್ಲೇ, ಹಾಗೇ ಇರುತ್ತಿತ್ತು. ನಾವಿಬ್ಬರೂ ಮೊದಲು ನೋಡುತ್ತಿದ್ದುದು ಅದನ್ನೇ. ನಾವು ನೋಡುತ್ತೇವೆ ಎಂದು ಚಿಕ್ಕವ್ವನಿಗೂ ಗೊತ್ತಿತ್ತು. “ಏನ್ ಬೇ, ಮೊಟ್ಟಿ ಒಡದು ಮರಿ ಬರ್ತದೇನು?” ಎಂದು ಒಮ್ಮೆ ಕೇಳಿದಳು. ಒಂದು ಭಾನುವಾರ ಮಾತ್ರ ಆ ಚೌಕ ಅಲ್ಲಿರಲಿಲ್ಲ. ಗಾಳಿಗೆ ಹಾರಿತೋ, ಯಾರಾದರೂ ಕಾಗದ ಸಾಲದೆ ಎತ್ತಿಕೊಂಡರೋ. ಇದ್ದಿತು, ಸಂಜೆಯೂ ಇದ್ದಿತು ಎಂದು ಸವಿತಾ. ಇರಲಿಲ್ಲ ಎಂದು ನಾನು. ಅದು ಇರಲಿಲ್ಲ ಎಂದಾದರೆ ನನಗಿಂತ ಹೆಚ್ಚು ಸಂತೋಷವಾಗಬೇಕಾದದ್ದು ಅವಳಿಗೇ, ಆದರೆ ಅವಳಿಗೆ ಹಾಗೆ ನೆನಪಿಲ್ಲ.

ಇನ್ನು ಕೊಕ್ಕರೆಗಳಿಗೆ ಜೋಳ ಉಣಿಸಿದ ವಿಷಯ. ಕೊಕ್ಕರೆಯ ಕೊನೆಯ ಹಂತದಲ್ಲಿ ಕೆಳಗಿನ ಸಣ್ಣ ತೂತಿಗೆ ಬಾಯಿಟ್ಟು ಊದಬೇಕು. ಆಗ ಹೊಟ್ಟೆ ಉಬ್ಬಿ ರೆಕ್ಕೆ ಬಿಚ್ಚುತ್ತದೆ. ಹೆಂಗಸರು ಊದಿದರು, ಹೊಟ್ಟೆ ಉಬ್ಬಿತು, ಎಲ್ಲರ ಕೈಯೂ ಅಲ್ಲಿಗೇ ನಿಂತಿತು. ಖಾಲಿ ಹೊಟ್ಟೆಯನ್ನು ಊದಿ ದೊಡ್ಡದು ಮಾಡಿ ಹಾಗೇ ಬಿಡುವುದು ಅವರಿಗೆ ಸರಿ ಬರಲಿಲ್ಲ. ಕೌದಿಗೇ ಉಣಿಸುವ ಜನ, ಇದಕ್ಕಂತೂ ಕತ್ತು, ಕೊಕ್ಕು ಇವೆ.

“ಹಸದ್ ಹಕ್ಕೀನ ಬುದ್ಧನ ಮುಂದ ತೂಗಹಾಕ್ತೀರೇನ್ರಿ?” ಎಂದು ಯಾರೋ ಕೇಳಿದರು. ಕೇಳಿದ್ದು ಚಿಕ್ಕವ್ವ ಎನ್ನುತ್ತಾಳೆ ನೀಲಮ್ಮ, ನೀಲಮ್ಮ ಎನ್ನುತ್ತಾಳೆ ಚಿಕ್ಕವ್ವ. ಯಾರು ಹೇಳಿದರೂ ಮುಂದಿನ ವಾರ ನೀಲಮ್ಮ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬಂದಳು. ಪ್ರತಿ ಕೊಕ್ಕರೆಯ ಹೊಟ್ಟೆಗೂ ನಾಲ್ಕು ಕಾಳು. ಸವಿತಾ, “ಅವು ಕಾಗದ್ರಿ” ಎಂದು ಒಂದು ಸಲ ಹೇಳಿ ನೋಡಿದಳು. “ಕೌದಿ ಏನ್ ಆಡು-ಕುರಿ ಇರ್ತದೇನ್ರಿ ಟೀಚರ್?” ಎಂದಳು ನೀಲಮ್ಮ. ಸವಿತಾ ಮತ್ತೆ ಕಾಗದ ಹಂಚತೊಡಗಿದಳು. ಕೊಕ್ಕರೆಗಳನ್ನು ಅಲುಗಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುತ್ತಿದ್ದವು, ಹೆಂಗಸರಿಗೆ ಅದೂ ಹಿಡಿಸಿತು.

ಪೂರ್ಣಿಮೆಯ ಹಿಂದಿನ ದಿನ ಎಲ್ಲವನ್ನೂ ದಾರಕ್ಕೆ ಪೋಣಿಸಿ ಸೂರಿನಿಂದ ಇಳಿಬಿಟ್ಟೆವು. ಸೆಖೆ ಎಂದು ಕಿಟಕಿಗಳನ್ನು ತೆರೆದಿಟ್ಟೇ ಬಾಗಿಲು ಹಾಕಿದೆವು.

ಬೆಳಿಗ್ಗೆ ಬಾಗಿಲು ತೆಗೆದವಳು ಸವಿತಾ. ಅವಳು ಕಿರುಚಿದ್ದು ನಮಗೆ ಮನೆಯೊಳಗೇ ಕೇಳಿಸಿತು. ಹೋಗಿ ನೋಡಿದರೆ ಸಭಾಭವನದ ತುಂಬ ಗುಬ್ಬಿಗಳು. ದಾರಕ್ಕೆ ಜೋತುಬಿದ್ದು, ತೂಗಿಕೊಂಡು, ಕೊಕ್ಕರೆಗಳ ಹೊಟ್ಟೆ ಬಗೆದು ಜೋಳ ತಿನ್ನುತ್ತಿದ್ದವು. ನೆಲದ ತುಂಬ ಬಣ್ಣದ ಚಿಂದಿ, ಕಾಳಿನ ಸಿಪ್ಪೆ. ಒಂದು ಗುಬ್ಬಿ ಕಾಗದದ ರೆಕ್ಕೆಯೊಂದನ್ನು ಕಚ್ಚಿಕೊಂಡು ಕಿಟಕಿಯಿಂದ ಹಾರಿಹೋಯಿತು. ಇದು ನಿಜವಾಗಿ ನಡೆಯಿತೋ ನಾನು ಆಮೇಲೆ ಸೇರಿಸಿದ್ದೋ ಹೇಳಲಾರೆ.

ಸವಿತಾ ಅಳುವ ಹಾಗಾದಳು. ನೀಲಮ್ಮ, “ತಿನ್ಲಿ ಬಿಡ್ರಿ, ಹಬ್ಬ ಅವಕೂ ಅದ. ನಾವೇ ಊಟಕ್ಕ ಕರದಂಗ ಆತು” ಎಂದಳು. ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಗುಬ್ಬಿಗಳು ಆ ನಗೆಗೆ ಹೆದರಿ ಹೊರಟವು.

ಕಸ ಗುಡಿಸುವಾಗ ಚಿಕ್ಕವ್ವನ ಕುರ್ಚಿಯ ಮೇಲಿನ ದಾರದಲ್ಲಿ ಒಂದು ಕೊಕ್ಕರೆ ಕಂಡಿತು. ಸೊಟ್ಟ ರೆಕ್ಕೆ, ತಿರುಗಿದ ಕತ್ತು. ಗುಬ್ಬಿಗಳು ಅದನ್ನು ಮುಟ್ಟಿಯೇ ಇರಲಿಲ್ಲ. ಸವಿತಾ ಬಿಡಿಸಿಕೊಂಡು ಕಿವಿಯ ಹತ್ತಿರ ಅಲುಗಿಸಿದಳು. ಸದ್ದಿಲ್ಲ. ಅವಳ ಮುಖ ಬದಲಾಯಿತು.

“ಅಕ್ಕಾ, ಇದು ಆಯಿ ಮಾಡಿದ್ದು! ನೋಡ್ರಿ, ಎಡಗಡಿ ಮಡಿಕಿ ಬಿಗಿ ಅದ, ಬಲಗಡಿದು ಸಡ್ಲ ಅದ. ಬಲಗೈಲೆ ಒತ್ತಿದ್ದಕ್ಕ ಹಿಂಗ್ ಆಗ್ಯಾದ. ಕಾಳ ಹಾಕಾಕ ಎರಡೂ ಕೈ ಗಟ್ಟಿ ಬೇಕು, ಅದಕ ಹಾಕಿಲ್ಲ.”

ಎಲ್ಲರೂ ಚಿಕ್ಕವ್ವನ ಕಡೆ ತಿರುಗಿದರು. ಅವಳು ಎಡಗೈಯಿಂದ ಸೊಂಟದ ಎಲೆ-ಅಡಿಕೆ ಸಂಚಿಯನ್ನು ಸರಿಮಾಡಿಕೊಳ್ಳುತ್ತಿದ್ದಳು.

“ನಾ ಮಾಡಿದ್ರ ಅದರ ಹೊಟ್ಟಿ ಖಾಲಿ ಇರ್ತಿತ್ತೇನ್ ಬೇ?” ಎಂದಳು.

ಅದು ಸರಿಯಾದ ಮಾತೇ. ಜೀವಮಾನದಲ್ಲಿ ಒಂದು ಕೌದಿಯನ್ನೂ ಹಸಿದು ಮಲಗಿಸದವಳು ಹಕ್ಕಿಯನ್ನು ಹಸಿದು ತೂಗಹಾಕುತ್ತಾಳೆಯೇ? ಅಷ್ಟರಲ್ಲಿ ನೀಲಮ್ಮ ಕೈಚಾಚಿ, “ಕೊಡ್ರಿ ಇಲ್ಲಿ, ನಂದದು. ಚಸಮಾ ಮರತ ಬಂದ ದಿನ ಮಾಡಿದ್ನಿ, ಅದಕ ಸೊಟ್ಟ ಆಗ್ಯಾದ. ಕಾಳ ಹಾಕೋದೂ ಮರ್ತೇನಿ” ಎಂದಳು. ನೀಲಮ್ಮ ಚಸಮಾ ಮರೆತ ದಿನ ಯಾವುದು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕವ್ವ ಅವಳನ್ನು ನೋಡಿದಳು. ನೀಲಮ್ಮ ಸೂರನ್ನು ನೋಡಿದಳು. ಅಷ್ಟು ವರ್ಷ ಜಗಳವಾಡಿದ ಇಬ್ಬರ ನಡುವೆ ಏನು ಹೋಯಿತು, ಏನು ಬಂತು, ತಿಳಿಯಲಿಲ್ಲ.

ಒಂದೇ ಖಾಲಿ ಹೊಟ್ಟೆ. ಸವಿತಾಗೆ ಅದು ಚಿಕ್ಕವ್ವನೇ ಮಾಡಿದ್ದಕ್ಕೆ ಸಾಕ್ಷಿ, ಚಿಕ್ಕವ್ವನಿಗೆ ಮಾಡದಿದ್ದಕ್ಕೆ. ನಾನು ಎರಡನ್ನೂ ನಂಬಿದೆ. ನಂಬುವುದು ಬಿಟ್ಟು ಬೇರೇನೂ ಕೆಲಸವಿಲ್ಲದ್ದರಿಂದ ಕೊಕ್ಕರೆಯನ್ನು ಕೈಚೀಲಕ್ಕೆ ಹಾಕಿಕೊಂಡು ಜೇವರ್ಗಿಗೆ ಬಂದೆ. ಅಂದಿನಿಂದ ಅದು ಮೇಜಿನ ಮೇಲಿದೆ.

ಇರುವೆಗಳು ಬಂದಾಗ ಹೊಳೆದದ್ದು ಇಷ್ಟೇ: ಸೆಖೆಗೆ ಕರಗಿ ಕಾಗದಕ್ಕೆ ಅಂಟಿದ ಬೆಲ್ಲ ಸದ್ದು ಮಾಡುವುದಿಲ್ಲ. ಗುಬ್ಬಿಗಳಿಗೂ ಅದು ಬೇಕಿಲ್ಲ. ಚಿಕ್ಕವ್ವನ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಜೊತೆಗೆ ಬೆಲ್ಲದ ಹರಳು ಯಾವಾಗಲೂ ಇರುತ್ತದೆ. ಇನ್ನೊಂದು ವಿಷಯ. ಅವಳು ‘ನಂದಲ್ಲ’ ಎಂದು ಅವತ್ತು ಹೇಳಲೇ ಇಲ್ಲ. ಹೊಟ್ಟೆ ಖಾಲಿ ಇದೆ ಎಂದೂ ಹೇಳಲಿಲ್ಲ. ಖಾಲಿ ಇರುತ್ತಿತ್ತೇ ಎಂದು ಕೇಳಿದಳು. ಅಥವಾ ಕೇಳಿದಳು ಎಂದು ನಾನು ಈಗ ನೆನಪಿಸಿಕೊಳ್ಳುತ್ತಿದ್ದೇನೆ, ನನಗೆ ಹಾಗೆ ಬೇಕಾಗಿದೆ ಎಂದು.

ಬಿಚ್ಚಿ ನೋಡಬಾರದೇ ಎಂದು ತಂಗಿ ಕೇಳಿದಳು. ಬಿಚ್ಚಬಹುದು. ಇರುವೆ ತಿಂದು ಮುಗಿಸಿದ್ದರೆ ಒಳಗೆ ಏನೂ ಇರುವುದಿಲ್ಲ, ಏನೂ ಇಲ್ಲದಿರುವುದರಿಂದ ಏನೂ ಗೊತ್ತಾಗುವುದಿಲ್ಲ. ಮತ್ತೆ ಅದನ್ನು ಮಡಚಲು ನನಗೆ ಬರುವುದಿಲ್ಲ. ಅಷ್ಟು ಭಾನುವಾರ ಕೂತು ನಾನು ಕಲಿತದ್ದು ಹರಿದ ಕಾಗದ ಬಚ್ಚಿಡುವುದನ್ನು ಮಾತ್ರ.

ಕಳೆದ ಭಾನುವಾರ ಅಫಜಲಪುರಕ್ಕೆ ಹೋದೆ. ಚಿಕ್ಕವ್ವ ಬಾಗಿಲ ನೆರಳಿನಲ್ಲಿ ಕೂತಿದ್ದಳು, ಕೈ ತೊಡೆಯ ಮೇಲೆ. ನೀಲಮ್ಮ ಪಕ್ಕದಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ನಾನು ಸುತ್ತಿ ಬಳಸದೆ ಕೇಳಿದೆ: “ಚಿಕ್ಕವ್ವಾ, ಆ ಕೊಕ್ಕರಿ ಹೊಟ್ಯಾಗ ಬೆಲ್ಲ ಇಟ್ಟಿದ್ದೇನು? ಇರಬಿ ಹತ್ತ್ಯಾವ ಅದಕ.”

“ನಿನ್ನ ಮನಿ ಇರಬಿ ನನಗ ಕೇಳಿ ಹೋಗ್ತಾವೇನ್ ಬೇ? ಅವನ್ನೇ ಕೇಳು.”

“ಕಸಬರಗಿ ಹಿಡೀ ಅಂತ ಹೇಳು ಅಕಿಗಿ” ಎಂದಳು ನೀಲಮ್ಮ, ಬೇಳೆಯಿಂದ ಕಣ್ಣೆತ್ತದೆ. ಇಬ್ಬರೂ ನಕ್ಕರು. ನಗು ನಿಲ್ಲುವ ಹಾಗೆ ಕಾಣಲಿಲ್ಲ, ನಾನು ನೀರು ಕುಡಿಯುವ ನೆವದಲ್ಲಿ ಒಳಗೆ ಹೋದೆ.

ಮೇಲಿನಿಂದ ಇಳಿದು ಬಂದ ಸವಿತಾ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: “ಆಯಿ ಒಪ್ಪಂಗಿಲ್ರಿ. ಕೈ ಬಂತು ಅಂದ್ರ ದಿನಾ ಎಲ್ಲಾರೂ ಬಂದು ಎಷ್ಟ್ ಬಂತು, ಎಷ್ಟ್ ಬಂತು ಅಂತ ನೋಡ್ತೀರಿ. ಕೌದಿ ತಂದು ತೊಡಿ ಮ್ಯಾಲ ಇಡ್ತೀರಿ.” ಇರಬಹುದು. ಅಥವಾ ಚಿಕ್ಕವ್ವನಿಗೇ ಗೊತ್ತಿಲ್ಲದಿರಬಹುದು. ಬಂದಿದ್ದ ಕೈ ಮತ್ತೆ ಹೋಗಿರಬಹುದು. ಅಥವಾ ಅದು ನಿಜಕ್ಕೂ ನೀಲಮ್ಮನ ಕೊಕ್ಕರೆಯೇ ಆಗಿದ್ದು, ನಾವಿಬ್ಬರು ಸೇರಿ ಸಡಿಲವಾದ ಒಂದು ಮಡಿಕೆಗೆ ಇಷ್ಟೆಲ್ಲ ಹೊರಿಸಿರಬಹುದು.

ಹೊರಬರುವಾಗ ಪೆಟ್ಟಿಗೆಯ ಮೇಲಿನ ಕೌದಿಯನ್ನು ಬಹಳ ದಿನಗಳ ಮೇಲೆ ನೋಡಿದೆ. ಮಡಿಕೆ ಹಾಗೇ ಇತ್ತು. ಬಾಯಿ ತೆರೆದೇ ಇತ್ತು. ಸೂಜಿ ಒಂದು ಹಸಿರು ತುಂಡಿನ ಮೇಲೆ ಚುಚ್ಚಿಕೊಂಡಿತ್ತು. ಅದರ ಹಿಂದಿನ ತುಂಡು ಕೆಂಪು, ಅಪ್ಪನ ಹಳೆಯ ರುಮಾಲಿನದು. ಆ ಕೆಂಪಿನ ಮೇಲೆ ಹೊಲಿಗೆ ಸ್ವಲ್ಪ ಸೊಟ್ಟಗೆ, ದೂರ ದೂರ ಬಿದ್ದಿತ್ತು. ಸೂಜಿ ಮೊದಲು ಕೆಂಪಿನ ಮೇಲಿತ್ತು ಎಂದು ನನಗೆ ಅನ್ನಿಸಿತು. ಹೊರಗೆ ಹೋಗಿ ಕೇಳಲು ಬಾಗಿಲ ತನಕ ಬಂದೆ. ಚಿಕ್ಕವ್ವ ನನ್ನನ್ನೇ ನೋಡುತ್ತಿದ್ದಳು, ಕೈ ತೊಡೆಯ ಮೇಲೇ ಇತ್ತು. ಬರ್ತೇನಿ ಚಿಕ್ಕವ್ವಾ ಎಂದಷ್ಟೇ ಹೇಳಿ ಬಸ್ಸಿಗೆ ಹೊರಟೆ.

ಸೂಜಿ ಮೊದಲು ಎಲ್ಲಿತ್ತು ಎಂದು ನಾನು ನೋಡಿಟ್ಟುಕೊಂಡಿರಲಿಲ್ಲ. ಅದು ಮುಂದೆ ಹೋಗಿದೆಯೋ, ಅಲ್ಲೇ ಇದೆಯೋ, ನನಗೆ ಗೊತ್ತಿಲ್ಲ.